ಬೂದಿಯಲ್ಲಿ ಕಟ್ಟಿದ ಟ್ರ್ಯಾಕ್ಟರ್ ಮನೆ

ಕಾರಿಗೊಂದು ಗ್ಯಾರೇಜು ಬೇಕೆಂದು ಮಗ ಹೋದ ತಿಂಗಳು ಒಬ್ಬ ಎಂಜಿನಿಯರನನ್ನು ಮನೆಗೆ ಕರೆಸಿದ. ಹೊಸಪೇಟೆಯ ಈ ಮನೆಯ ಪಕ್ಕದಲ್ಲಿ, ಕಾಂಪೌಂಡಿನ ಒಳಗೆ, ಒಂದು ಪಟ್ಟಿ ಜಾಗ ಖಾಲಿ ಉಳಿದಿದೆ. ಅಲ್ಲಿ ನನ್ನ ಕರಿಬೇವಿನ ಗಿಡ, ಬಟ್ಟೆ ಒಣಹಾಕುವ ತಂತಿ, ಬೆಳಗಿನ ಬಿಸಿಲಿಗೆ ನಾನು ಹಾಕಿಕೊಳ್ಳುವ ಕುರ್ಚಿ ಇವೆ. ಎಂಜಿನಿಯರ್ ಹುಡುಗ ಬಂದ, ಟೇಪು ಹಿಡಿದ, ಚಹಾ ಕುಡಿದು ಹೋದ. ಸಂಜೆಯೊಳಗೆ ಅಂದಾಜು ಮಗನ ಫೋನಿಗೆ ಬಂತು. ಸಿಮೆಂಟು, ಇಟ್ಟಿಗೆ, ಕಬ್ಬಿಣ, ಶಟರು, ಬಣ್ಣ, ಕೂಲಿ ಎಲ್ಲವೂ ಇತ್ತು. ಮಗ ಓದಿ ಹೇಳಿ, ಹೇಗಿದೆ ಅಮ್ಮ ಎಂದು ಕೇಳಿದ. ಬರೋದೆಲ್ಲ ಇದೆ, ಹೋಗೋದು ಎಲ್ಲಿದೆ ಎಂದೆ. ಅವನು ಹೆಂಡತಿಯ ಮುಖ ನೋಡಿದ, ಅವಳು ನಕ್ಕಳು. ಯಾವುದಕ್ಕೂ ಕೂಡಲೇ ಹ್ಞೂಂ ಅನ್ನದವಳು ಎಂದು ಈ ಮನೆಯಲ್ಲಿ ನನಗೆ ಹೆಸರಿದೆ. ಸೀರೆಯಂಗಡಿಗೆ ನನ್ನ ಜೊತೆ ಬರಲು ಯಾರೂ ಒಪ್ಪುವುದಿಲ್ಲ. ಈ ಗುಣ ನಾನು ಸಂಪಾದಿಸಿದ್ದಲ್ಲ, ಎಮ್ಮಿಗನೂರಿನ ನಮ್ಮ ಮನೆಯ ಬಯಲಿನಲ್ಲಿ ಅವ್ವ ಬೂದಿ ಚೆಲ್ಲಿ ಕಲಿಸಿದ್ದು.

ನಮ್ಮದು ಮಣ್ಣಿನ ಚಪ್ಪಟೆ ಸೂರಿನ ಮಾಳಿಗೆ ಮನೆ. ಗೋಡೆ ಎಷ್ಟು ದಪ್ಪವೆಂದರೆ ಅದರ ಗೂಡಿನಲ್ಲಿ ನಾನು ಕಾಲು ಮಡಚಿಕೊಂಡು ಕೂತು ಪುಸ್ತಕ ಓದುತ್ತಿದ್ದೆ. ಬಾಗಿಲು ದಾಟಿದರೆ ಮೊದಲು ಎತ್ತುಗಳು, ಅವುಗಳ ಎದುರಿಗೆ ಕಟ್ಟೆಯ ಮೇಲೆ ಪಡಸಾಲೆ, ಅದರಾಚೆ ಅಡುಗೆಮನೆ. ಅಡುಗೆಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಮಳೆ ಹನಿ ಬಿದ್ದ ಕೂಡಲೇ ಯಾರಾದರೂ ಏಣಿ ಹತ್ತಿ ಅದರ ಮೇಲೆ ಗಡಿಗೆ ಬೋರಲು ಹಾಕಬೇಕು, ಇಲ್ಲದಿದ್ದರೆ ಅಂದಿನ ಸಾರು ತೆಳುವಾಗುತ್ತಿತ್ತು. ಆದರೆ ನಾವು ಮನೆಯೊಳಗೆ ಇರುತ್ತಿದ್ದುದೇ ಕಡಿಮೆ. ಪಕ್ಕದಲ್ಲಿ ಒಂದು ಜಾಗವಿತ್ತು, ಅದಕ್ಕೆ ಬಯಲು ಎಂದೇ ಹೆಸರು. ಯುಗಾದಿಗೆ ಮುಂಚೆ ಓಣಿಯ ಹೆಂಗಸರೆಲ್ಲ ಬಂದು ಅಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದರು. ಬೇಸಿಗೆಯಲ್ಲಿ ಮೆಣಸಿನಕಾಯಿ ಹರವಿದರೆ ಇಡೀ ಮನೆ ಸೀನುತ್ತಿತ್ತು. ದೀಪಾವಳಿ ಪಾಡ್ಯಕ್ಕೆ ಸೆಗಣಿಯ ಪಾಂಡವರನ್ನು ಕೂರಿಸುತ್ತಿದ್ದುದೂ ಅದರ ಒಂದು ಮೂಲೆಯಲ್ಲೇ. ಬಯಲಿನ ಆ ತುದಿಗೆ ಬಚ್ಚಲು, ಅದರ ಪಕ್ಕದಲ್ಲಿ ಓಣಿಗೆ ತೆರೆಯುವ ಹಿತ್ತಲ ಬಾಗಿಲು.

ಪಡಸಾಲೆಯಿಂದ ಆ ಬಚ್ಚಲಿನವರೆಗೆ ಬಯಲಿನ ನಡುವೆ ಚಪ್ಪಟೆ ಕಲ್ಲುಗಳ ಒಂದು ಸಾಲಿತ್ತು. ಅದನ್ನು ಹಾಸಿದವನು ನಮ್ಮ ಅಜ್ಜ, ತನ್ನ ಮಗಳಿಗಾಗಿ. ಆಕೆ ಅಪ್ಪನ ಅಕ್ಕ, ನಮಗೆ ದೊಡ್ಡತ್ತೆ. ಸಣ್ಣವಳಿದ್ದಾಗ ಸಿಡುಬು ಎದ್ದು ಎರಡೂ ಕಣ್ಣು ಹೋಗಿದ್ದವು. ಮದುವೆಯಾಗಿರಲಿಲ್ಲ. ಪಾಪ ಎಂದು ಯಾರಾದರೂ ಅಂದರೆ ಅವರ ಮನೆತನದ ಹುಳುಕೆಲ್ಲ ಹೊರಗೆ ತೆಗೆಯುವಷ್ಟು ನಾಲಗೆ ಇತ್ತು. ಅಕ್ಕಿಯನ್ನು ಬೆರಳಲ್ಲಿ ತೀಡಿ ಹೊಸದೋ ಹಳೆಯದೋ ಹೇಳುತ್ತಿದ್ದಳು, ಮೊರದಲ್ಲಿ ಆಕೆ ಹಸನು ಮಾಡಿದ ಅಕ್ಕಿಯಲ್ಲಿ ನಮಗೆ ಕಲ್ಲು ಸಿಕ್ಕಿದ್ದಿಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ಹಿತ್ತಲ ಬಾಗಿಲಲ್ಲಿ ಕೂತರೆ ಓಣಿಯಲ್ಲಿ ಹೋಗುವವರನ್ನು ಚಪ್ಪಲಿಯ ಸದ್ದಿನಿಂದಲೇ ಗುರುತು ಹಿಡಿದು, ಕಂಪ್ಲಿ ಸಂತೆಗೆ ಹೊರಟಿರಾ, ಸೊಸೆಗೆ ಜ್ವರ ಬಿಟ್ಟಿತಾ ಎಂದು ವಿಚಾರಿಸುತ್ತಿದ್ದಳು. ಅಲ್ಲಿಗೆ ಹೋಗಲು ಆ ಕಲ್ಲುಗಳೇ ಆಕೆಗೆ ದಾರಿ. ಬರಿಗಾಲಲ್ಲಿ ಒಂದೊಂದನ್ನೇ ಮುಟ್ಟಿಕೊಂಡು, ಕೈಯಲ್ಲಿ ತಂಬಿಗೆ ಹಿಡಿದು, ನೆಟ್ಟಗೆ ನಡೆಯುತ್ತಿದ್ದಳು. ಹೊಸದಾಗಿ ಬಂದವರು ಯಾರಾದರೂ ಕೈ ಹಿಡಿಯಲು ಹೋದರೆ ಕೊಡವಿಬಿಡುತ್ತಿದ್ದಳು.

“ಕೈ ಕೊಡಬ್ಯಾಡ್ರಿ, ದಾರಿ ಕೊಡ್ರಿ.”

ಅಂಥ ಮನೆಗೆ ಅಪ್ಪ ಗಂಗಾವತಿ ಕಡೆಯಿಂದ ಟ್ರೇಲರ್ ಸಮೇತ ಒಂದು ಹಳೆಯ ಟ್ರ್ಯಾಕ್ಟರ್ ಕೊಂಡು ತಂದ. ಅದು ಓಣಿಯಲ್ಲಿ ನಿಂತಿತು. ಊರಿನ ಮಕ್ಕಳೆಲ್ಲ ಅದರ ಮೇಲೆ ಹತ್ತಿ ಬಾಯಲ್ಲೇ ಬುರ್ ಎಂದು ಓಡಿಸಿದರು, ಮೊದಲ ಮಳೆಗೆ ಟ್ರ್ಯಾಕ್ಟರ್ ನೆಂದು ಬೆಳಿಗ್ಗೆ ಚಾಲೂ ಆಗಲಿಲ್ಲ. ಎದುರು ಮನೆಯವರ ಎತ್ತಿನ ಬಂಡಿ ಹೋಗಲು ಜಾಗ ಸಾಲದೆ ದಿನಾ ಜಗಳ. ಕಾಲುವೆಗೆ ನೀರು ಬಿಡುವ ಮುಂಚೆ ಅದಕ್ಕೊಂದು ಸೂರು ಮಾಡಲೇಬೇಕಿತ್ತು. ನಾಟಿಯ ಕಾಲಕ್ಕೆ ಎಂಜಿನ್ ಕೈ ಕೊಟ್ಟರೆ ಅದನ್ನು ಕೊಂಡದ್ದೇ ದಂಡ. ಅಪ್ಪ ಕಂಪ್ಲಿಯಿಂದ ಖಾಸಿಂಸಾಬ್ ಎಂಬ ಗೌಂಡಿಯನ್ನು ಕರೆತಂದ. ಆತ ಮನೆ ಕಟ್ಟುವುದರಲ್ಲಿ ಗಟ್ಟಿಗ, ಅಂದಾಜು ಹೇಳುವುದರಲ್ಲಿ ಧಾರಾಳಿ. ಬಯಲಿನ ನಡುವೆ ನಿಂತು ಒಂದು ಕಣ್ಣು ಮುಚ್ಚಿ, ಬೀಡಿ ಹಿಡಿದ ಕೈಯಿಂದ ಗಾಳಿಯಲ್ಲೇ ಗೋಡೆ ಎಬ್ಬಿಸಿ, ಕಲ್ಲು ಇಷ್ಟು, ಹೊಳೆಯ ಮರಳು ಇಷ್ಟು, ಮೇಲೆ ತಗಡು ಇಷ್ಟು, ಹೆಚ್ಚೂ ಕಮ್ಮಿ ಇಷ್ಟಾಗುತ್ತದೆ ಎಂದ. ಅಪ್ಪ ಅದನ್ನು ಅಲ್ಲೇ ನೆಲ್ಲಿನ ಚೀಲಕ್ಕೆ ತಿರುಗಿಸಿಕೊಂಡ. ಭತ್ತಕ್ಕೆ ನಮ್ಮ ಕಡೆ ನೆಲ್ಲು ಎನ್ನುತ್ತೇವೆ. ನೆಲ್ಲಿನ ಚೀಲಕ್ಕೆ ತಿರುಗಿಸದೆ ಅಪ್ಪನಿಗೆ ಯಾವ ಬೆಲೆಯೂ ಅರ್ಥವಾಗುತ್ತಿರಲಿಲ್ಲ. ಅವ್ವನ ತವರಿನವರು ಮದುವೆಯಲ್ಲಿ ಕೊಟ್ಟಿದ್ದ ಗೋಡೆ ಗಡಿಯಾರವೂ ಅವನ ಬಾಯಲ್ಲಿ ಒಂದೂವರೆ ಚೀಲದ ಗಡಿಯಾರವೇ.

ಆ ಸಂಜೆ ಊಟಕ್ಕೆ ರೊಟ್ಟಿ, ಪುಂಡಿಪಲ್ಯ. ಅಪ್ಪ ಖುಷಿಯಲ್ಲಿದ್ದ. ಹಿಂಗಾರಿನ ನೆಲ್ಲು ಮಾರಿದರೆ ಕೆಲಸ ಮುಗಿದು ಹೋಗುತ್ತದೆ, ಲೆಕ್ಕ ಕೈಯೊಳಗೇ ಇದೆ ಎಂದು ಹೇಳುತ್ತಾ ಎರಡು ರೊಟ್ಟಿ ಹೆಚ್ಚು ತಿಂದ. ಟ್ರ್ಯಾಕ್ಟರ್ ಮನೆ ಬರುವುದು ಕಲ್ಲು ಹಾಸಿನ ಮೇಲೆಯೇ ಎಂಬುದು ನಮಗೆಲ್ಲ ಗೊತ್ತಿತ್ತು. ಬೇರೆ ಕಡೆ ಅಷ್ಟು ಅಗಲ ಇರಲಿಲ್ಲ. ದೊಡ್ಡತ್ತೆ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು, ಎಂದೂ ಇಲ್ಲದ ಹಾಗೆ ಅಪ್ಪನ ಮಾತಿಗೆ ಒಂದೂ ಕೊಂಕು ಎತ್ತಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ, ತಿರುಗಿ ನೋಡದೆ ಮಾತಾಡಿದಳು.

“ಬರೋದನ್ನ ಗೌಂಡಿ ಲೆಕ್ಕ ಹಾಕ್ಯಾನ. ಹೋಗೋದನ್ನ ಯಾರು ಹಾಕ್ತಾರ?”

ಅಪ್ಪನಿಗೆ ಸಿಟ್ಟು ಬಂತು. ಶುಭ ಮಾತಿಗೆ ಅಡ್ಡ ಬಾಯಿ ಹಾಕುವುದು ನಿಮ್ಮ ತವರಿನ ಚಾಳಿ ಎಂದ. ತವರಿನ ಮಾತು ಬಂದದ್ದೇ ಅವ್ವನಿಗೆ ಅನುಕೂಲವಾಯಿತು. ಆಕೆಯ ತವರಿನಲ್ಲಿ ಒಂದು ಪದ್ಧತಿ ಇತ್ತು. ಅವಳ ಅಜ್ಜನ ಕಾಲದಲ್ಲಿ ಬಂಡಿಗೆಂದು ಅಂದವಾದ ಕೊಟ್ಟಿಗೆ ಕಟ್ಟಿಸಿದ್ದರಂತೆ. ಬಂಡಿಯೇನೋ ಒಳಗೆ ಹೋಯಿತು, ಆದರೆ ನೊಗ ಕಳಚಿ ಎತ್ತುಗಳನ್ನು ಹೊರಗೆ ತರಲು ಜಾಗವಿರಲಿಲ್ಲ. ಕೊಟ್ಟಿಗೆ ಕಟ್ಟಿ ಎತ್ತಿಗೆ ಜೈಲು ಮಾಡಿದರು ಎಂದು ಊರೆಲ್ಲ ನಕ್ಕಿತಂತೆ. ಅಂದಿನಿಂದ ಆ ಮನೆಯಲ್ಲಿ ಏನು ಕಟ್ಟುವುದಿದ್ದರೂ ಮೊದಲು ನೆಲದ ಮೇಲೆ ಬೂದಿಯಲ್ಲಿ ಗೆರೆ ಎಳೆದು, ಗೋಡೆ ಎದ್ದೇಬಿಟ್ಟಿದೆ ಎಂಬಂತೆ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಬದುಕಬೇಕು. ಆಮೇಲೆ ಕಟ್ಟುವುದೋ ಬಿಡುವುದೋ. ಅಪ್ಪ ಗೊಣಗಿದ, ಬೂದಿಗೇನು ಖರ್ಚು ಎಂದು ಒಪ್ಪಿದ.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಒಲೆಯ ಬೂದಿ ಜರಡಿ ಹಿಡಿದಳು. ಅಪ್ಪ ಒಂದು ತುದಿ, ಖಾಸಿಂಸಾಬ್ ಇನ್ನೊಂದು ತುದಿ ಹಗ್ಗ ಹಿಡಿದರು. ಹಗ್ಗದ ಗುಂಟ ಅವ್ವ ಬಗ್ಗಿಕೊಂಡು ಬೂದಿ ಬಿಟ್ಟುಕೊಂಡು ಹೋದಳು. ಗೋಡೆಯ ದಪ್ಪಕ್ಕೆ ಎರಡು ಗೆರೆ, ಬಾಗಿಲಿಗೆ ತೆರಪು. ಗೌಂಡಿ ಇದೆಂಥಾ ಆಟ ಎಂಬಂತೆ ನೋಡುತ್ತಿದ್ದ. ಗೆರೆ ಗಾಳಿಗೆ ಹೋದರೆ ಮರುದಿನ ಮತ್ತೆ ಎಳೆಯುವುದು, ಗೆರೆ ತುಳಿದು ದಾಟಿದವರು ಬಾವಿಯಿಂದ ಒಂದು ಕೊಡ ನೀರು ಹೆಚ್ಚು ತರುವುದು ಎಂದು ಅವ್ವ ಕಟ್ಟಳೆ ಮಾಡಿದಳು. ಅಪ್ಪ ಹಿತ್ತಲ ಕಡೆಯ ಬೇಲಿ ಸರಿಸಿ ಟ್ರ್ಯಾಕ್ಟರನ್ನು ತಂದು ಬೂದಿಯ ಬಾಗಿಲಿನೊಳಗೆ ನಿಲ್ಲಿಸಿದ. ಇಳಿಯಲು ಎಡಗಾಲು ಚಾಚಿದ್ದೇ ತಡ, ಕಾಲು ಗೋಡೆಯ ಹೊರಗೆ ಬಿತ್ತು. ಆ ದಿನದ ಮೊದಲ ಕೊಡ ಅಪ್ಪನೇ ಹೊತ್ತ. ಗೌಂಡಿ ನಗಲಿಲ್ಲ. ಸುಮ್ಮನೆ ಹಗ್ಗ ಎತ್ತಿ ಗೋಡೆಯನ್ನು ಒಂದು ಮೊಳ ಆಚೆ ಹಾಕಿದ, ಅಂದಾಜಿಗೆ ಒಂದು ಚೀಲ ನೆಲ್ಲು ಏರಿತು.

ಆ ತಿಂಗಳು ನಮ್ಮ ಮನೆ ಊರಿಗೆ ತಮಾಷೆಯಾಯಿತು. ಕಡ ಒಯ್ದಿದ್ದ ಸಕ್ಕರೆ ವಾಪಸು ತಂದ ಪಕ್ಕದ ಮನೆಯಾಕೆಯನ್ನು, ಗ್ವಾಡ್ಯಾಗ ಹಾದು ಬಂದಿಯಲ್ಲ ತಾಯಿ, ಸುತ್ತು ಹಾಕಿ ಬಾ ಎಂದು ಅವ್ವ ವಾಪಸು ಕಳಿಸಿದಳು. ಮೆಣಸಿನಕಾಯಿಯನ್ನು ಮಾಳಿಗೆಗೆ ಹತ್ತಿಸಬೇಕಾಯಿತು, ಏಣಿ ಹತ್ತಿ ಇಳಿದು ಅವ್ವನ ಮೊಣಕಾಲು ಹಿಡಿದವು. ಹೋಗುವುದರ ಲೆಕ್ಕದಲ್ಲಿ ಅದೂ ಒಂದು ಎಂದಳು. ಇನ್ನೊಂದು ದಿನ ತಗಡಿನ ನೀರು ಬೀಳುವ ಜಾಗಕ್ಕೆ ಕೊಡಗಟ್ಟಲೆ ನೀರು ಸುರಿದು ನೋಡಿದಳು. ನೀರು ನೇರವಾಗಿ ಪಡಸಾಲೆಯ ಹೊಸ್ತಿಲಿಗೆ ಬಂತು. ಅಪ್ಪ ಕಂಪ್ಲಿಗೆ ಹೋಗಿ, ತಗಡಿನ ಇಳಿಜಾರು ಆಚೆ ಕಡೆಗೆ ಇರಲಿ ಎಂದು ಗೌಂಡಿಗೆ ಹೇಳಿ ಬಂದ. ಓದು ಬಾರದ ಅವ್ವ, ಎದುರಿಗೆ ಇಲ್ಲದ ಮನೆಯನ್ನು ಕಣ್ಣಿಗೆ ತಂದುಕೊಂಡು ಅದರ ಮಳೆಗಾಲವನ್ನೂ ನೋಡಿಬಿಡುತ್ತಿದ್ದಳು. ನನಗೆ ಆಗ ಅದು ಆಟ. ಈಗ ನೆನೆದರೆ ಅಂಥ ತಲೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ ಅನ್ನಿಸುತ್ತದೆ.

ದೊಡ್ಡತ್ತೆಗೆ ಮಾತ್ರ ಅವ್ವ ಕಟ್ಟಳೆಯಿಂದ ವಿನಾಯಿತಿ ಕೊಟ್ಟಿದ್ದಳು. ಅಕ್ಕಾರ, ನೀವು ನಿಮ್ಮ ಕಲ್ಲಿನ ಮ್ಯಾಲೇ ಹೋಗ್ರಿ, ಗೆರಿ ನಿಮಗಲ್ಲ ಎಂದಿದ್ದಳು. ದೊಡ್ಡತ್ತೆ ಕೆಲವು ದಿನ ಹಾಗೆಯೇ ಹೋದಳು. ಬೂದಿಯ ಗೋಡೆಯೊಳಗೆ ಹೊಕ್ಕು, ಟ್ರ್ಯಾಕ್ಟರಿನ ದೊಡ್ಡ ಗಾಲಿಯನ್ನು ಸವರಿಕೊಂಡು, ಇನ್ನೊಂದು ಗೋಡೆ ದಾಟಿ ಬಚ್ಚಲಿಗೆ. ನಾವು ಮಕ್ಕಳು ಕೊಡ ಹೊರುತ್ತಾ, ಆಕೆಗೊಬ್ಬಳಿಗೆ ಕೊಡವಿಲ್ಲ ಎಂದು ಒಮ್ಮೆ ಆಕೆಗೆ ಕೇಳಿಸುವಂತೆಯೇ ಅಂದೆವು. ದೊಡ್ಡತ್ತೆಯ ಮುಖ ಕೆಂಪಾಯಿತು. ಮರುದಿನ ಬೆಳಿಗ್ಗೆ ತಂಬಿಗೆ ಹಿಡಿದು ಪಡಸಾಲೆಯ ಮೆಟ್ಟಿಲಲ್ಲಿ ನಿಂತು ಅವ್ವನನ್ನು ಕೂಗಿದಳು.

“ಈ ಮನ್ಯಾಗ ಗ್ವಾಡಿ ಅಂದ್ರ ಎಲ್ಲರಿಗೂ ಗ್ವಾಡಿ. ನನಗೊಬ್ಬಾಕಿಗೆ ಬೂದಿ ಏನು? ಯಾವ ಕಡಿಂದ ಸುತ್ತು ಹಾಕಬೇಕು ಹೇಳು.”

ಅವ್ವ ಹೇಳಿದಳು. ದೊಡ್ಡತ್ತೆ ಕಲ್ಲು ಬಿಟ್ಟು ಮಣ್ಣಿಗೆ ಕಾಲಿಟ್ಟಳು. ಸ್ವಲ್ಪ ದೂರ ನೆಟ್ಟಗೆ ನಡೆದಳು, ಗೆರೆಯ ಮೂಲೆಯ ಹತ್ತಿರ ತಿರುಗಿದಳು, ಆದರೆ ಬೇಕಾದದ್ದಕ್ಕಿಂತ ಹೆಚ್ಚು ತಿರುಗಿದಳು. ಬಚ್ಚಲು ಒಂದು ಕಡೆ, ಆಕೆ ಇನ್ನೊಂದು ಕಡೆ. ಬಯಲಿನ ನಡುವೆ ಬಂದು ನಿಂತುಬಿಟ್ಟಳು. ಒಂದು ಕಾಲಿನಿಂದ ನೆಲ ಸವರಿದಳು, ಕಲ್ಲು ಸಿಗಲಿಲ್ಲ. ಕೈ ಚಾಚಿದಳು, ಕೈಗೂ ಏನೂ ಸಿಗಲಿಲ್ಲ. ತಾನು ಹುಟ್ಟಿದ ಮನೆಯ ಬಯಲಿನಲ್ಲಿ ಆಕೆಗೆ ದಿಕ್ಕು ತಪ್ಪಿತ್ತು. ಆದರೂ ಯಾರನ್ನೂ ಕರೆಯಲಿಲ್ಲ. ತಂಬಿಗೆಯ ನೀರು ತುಳುಕುತ್ತಿತ್ತು. ನನಗೆ ಅಳು ಬಂತು. ಓಡಬೇಕೆಂದರೆ ಅವ್ವ ನನ್ನ ರಟ್ಟೆ ಹಿಡಿದುಕೊಂಡಿದ್ದಳು. ಕೈ ಕೊಟ್ಟರೆ ಆಕೆ ಕ್ಷಮಿಸುವುದಿಲ್ಲ ಎಂದು ಅವ್ವನಿಗೆ ಗೊತ್ತಿತ್ತು. ಅಪ್ಪ ಟ್ರ್ಯಾಕ್ಟರಿನ ಸೀಟಿನ ಮೇಲಿಂದ ನೋಡುತ್ತಿದ್ದವನು ಇಳಿದು ಬಂದ. ಅಕ್ಕನ ಹತ್ತಿರ ಹೋಗಲಿಲ್ಲ. ಬೂದಿಯ ಗೆರೆಯನ್ನು ಕಾಲಿನಿಂದ ಉಜ್ಜಿ ಅಳಿಸತೊಡಗಿದ. ಟ್ರ್ಯಾಕ್ಟರ್ ಓಣಿಯಲ್ಲೇ ಕೊಳೆಯಲಿ, ಈ ಮನೆಗೆ ಯಾವ ಗೋಡೆಯೂ ಬೇಡ ಎಂದು ಅನ್ನುತ್ತಿದ್ದ. ಎಲ್ಲವನ್ನೂ ನೆಲ್ಲಿನಲ್ಲಿ ಅಳೆಯುತ್ತಿದ್ದ ಮನುಷ್ಯ ಆವತ್ತು ಎಷ್ಟು ಚೀಲ ಬಿಟ್ಟುಕೊಡುತ್ತಿದ್ದೇನೆ ಎಂದು ಲೆಕ್ಕ ಹಾಕಲಿಲ್ಲ. ಅಪ್ಪನನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಮಣ್ಣು ಉಜ್ಜುತ್ತಿದ್ದ ಆ ಕಾಲು. ದೊಡ್ಡತ್ತೆ ಕಾಲಿನ ಸದ್ದು ಕೇಳಿ ಅತ್ತ ತಿರುಗಿದಳು. ಸದ್ದಿನಿಂದ ಆಕೆಗೆ ದಿಕ್ಕು ಸಿಕ್ಕಿತ್ತು.

“ಅಳಸಬ್ಯಾಡಲೇ ತಮ್ಮ. ನನಗ ದಾರಿ ತಪ್ಪಿದ್ದು ಗ್ವಾಡಿ ಇದ್ದದ್ದಕ್ಕಲ್ಲ, ಇಲ್ಲದ್ದಕ್ಕ. ಬೂದಿ ಹಿಡ್ಕೊಂಡು ನಡ್ಯಾಕ ಬರ್ತೈತೇನು? ಕಟ್ಟು. ಕೈಗೆ ಸಿಗೂವಂಗ ಕಟ್ಟು.”

ನಾವೆಲ್ಲ ಗೋಡೆ ಬಂದರೆ ಆಕೆಯ ದಾರಿ ಹೋಗುತ್ತದೆ ಎಂದೇ ಎಣಿಸಿದ್ದೆವು. ಗೋಡೆಯೇ ದಾರಿಯಾದೀತು ಎಂಬುದು ಕಣ್ಣಿದ್ದವರಿಗೆ ಹೊಳೆದಿರಲಿಲ್ಲ. ಅವ್ವ ಒಳಗೆ ಹೋಗಿ ನೆಲ್ಲಿನ ಮೂಟೆ ಕಟ್ಟುವ ಹಗ್ಗ ತಂದಳು. ಗೆರೆಯ ಮೂಲೆಗಳಿಗೆ ಗೂಟ ಹೊಡೆದು, ಸೊಂಟದ ಎತ್ತರಕ್ಕೆ ಹಗ್ಗ ಬಿಗಿದಳು. ಬೂದಿ ನಮ್ಮ ಅಂದಾಜು, ಹಗ್ಗ ಅಕ್ಕನ ಅಂದಾಜು ಎಂದಳು. ಉಳಿದ ದಿನಗಳೆಲ್ಲ ದೊಡ್ಡತ್ತೆ ಆ ಹಗ್ಗ ಹಿಡಿದು ನಡೆದಳು, ನಡೆದು ತಪ್ಪು ಹುಡುಕಿದಳು. ಇಲ್ಲಿ ಇಬ್ಬರು ಎದುರಾದರೆ ಜಾಗ ಸಾಲದು ಎಂದಾಗ ಗೋಡೆ ಟ್ರ್ಯಾಕ್ಟರಿನ ಕಡೆಗೆ ಸರಿಯಿತು. ಮೂಲೆಯ ಗೂಟಕ್ಕೆ ದಿನಾ ಮೊಣಕೈ ಬಡಿಯುತ್ತಿತ್ತು, ನಾಳೆ ಅಲ್ಲಿ ಕಲ್ಲಿನ ಅಂಚು ಬಂದರೆ ಗತಿಯೇನು ಎಂದಳು. ಅಮಾವಾಸ್ಯೆಗೆ ಬಂದ ಖಾಸಿಂಸಾಬ್, ಕಲ್ಲಿನ ಮೂಲೆಯನ್ನು ದುಂಡಗೆ ಮಾಡುವುದೆಂದರೆ ಕೂಲಿ ಏರುತ್ತದೆ, ಮೂಲೆ ಅಂದ ಮೇಲೆ ಮೂಲೆಯ ಹಾಗೆ ಇರಬೇಕು ಎಂದು ತಕರಾರು ತೆಗೆದ. ಕೈ ಎತ್ತರಕ್ಕೆ ಗೋಡೆಯ ಉದ್ದಕ್ಕೂ ನುಣ್ಣಗೆ ಗಾರೆಯ ಒಂದು ಪಟ್ಟಿ ಬೇಕೆಂದು ದೊಡ್ಡತ್ತೆ ಕೇಳಿದಾಗ ಇನ್ನಷ್ಟು ಗೊಣಗಿದ. ಅಪ್ಪನೂ ಒಮ್ಮೆ, ಒಬ್ಬಾಕಿಗಾಗಿ ಇಷ್ಟೊಂದಾ ಎಂದು ಅವ್ವನ ಕಿವಿಯಲ್ಲಿ ಅಂದ. ದೊಡ್ಡತ್ತೆಯ ಕಿವಿಗೆ ಬೀಳದ ಪಿಸುಮಾತು ಆ ಮನೆಯಲ್ಲಿ ಇರಲಿಲ್ಲ. ನನ್ನ ಪಾಲಿನ ಬಳೆ ಮಾರು ಎಂದಳು. ಅಪ್ಪ ನಾಚಿ, ಬೇಡವೆಂದು, ನೆಲ್ಲಿನ ಚೀಲ ಇನ್ನೂ ಏರಿಸಿದ.

ಕಾಲುವೆಗೆ ನೀರು ಬರುವ ಹೊತ್ತಿಗೆ ಟ್ರ್ಯಾಕ್ಟರ್ ಮನೆ ಎದ್ದಿತು. ಗೋಡೆ ಒಳಕ್ಕೆ ಸರಿದು ಸರಿದು ಒಳಗಿನ ಜಾಗ ಎಷ್ಟು ಕಿರಿದಾಯಿತೆಂದರೆ ಎಂಜಿನ್ ಮಾತ್ರ ಹಿಡಿಸಿತು, ಟ್ರೇಲರ್ ಹಿಡಿಸಲಿಲ್ಲ. ಅದು ಬಾಳಿದಷ್ಟು ದಿನವೂ ಹೊರಗೇ ಬಿಸಿಲು ಮಳೆ ತಿಂದಿತು. ಅಪ್ಪ ಅದನ್ನು ನೋಡಿದಾಗಲೆಲ್ಲ, ಇದು ನಮ್ಮಕ್ಕನ ಟ್ಯಾಕ್ಸು ಎಂದು ನಗುತ್ತಿದ್ದ. ಶ್ಯಾವಿಗೆ ಪಡಸಾಲೆಗೆ ಬಂತು, ಪಾಂಡವರು ಹೊಸ ಗೋಡೆಯ ನೆರಳಿಗೆ ಬಂದರು, ಹೋದದ್ದೆಲ್ಲ ಎಲ್ಲಿಗೆ ಹೋಗಬೇಕೆಂದು ನಮಗೆ ಮುಂಚೆಯೇ ಗೊತ್ತಿತ್ತು. ದೊಡ್ಡತ್ತೆ ಗೋಡೆಯ ಮೇಲೆ ಅಂಗೈ ಆಡಿಸುತ್ತಾ, ಮೂಲೆಯಲ್ಲಿ ಕೈಯನ್ನು ಹಾಗೇ ದುಂಡಗೆ ಹೊರಳಿಸಿ, ಮೊದಲಿಗಿಂತ ಜೋರಾಗಿ ನಡೆಯತೊಡಗಿದಳು. ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವಾಗ ಅವ್ವ ಆ ಪಟ್ಟಿಯನ್ನು ಮಾತ್ರ ಬಿಡುತ್ತಿದ್ದಳು, ಸುಣ್ಣ ಆಕೆಯ ಕೈಗೆ ಮೆತ್ತಬಾರದೆಂದು. ವರ್ಷ ಕಳೆದಂತೆ ಬಿಳಿ ಗೋಡೆಯ ನಡುವೆ ಆ ಪಟ್ಟಿ ಕಂದಾಗಿ, ಎಣ್ಣೆ ಹಚ್ಚಿದಂತೆ ಮಿರುಗತೊಡಗಿತು.

ದೊಡ್ಡತ್ತೆ ತೀರಿಕೊಂಡಾಗ ನಾನು ಮದುವೆಯಾಗಿ ಹೊಸಪೇಟೆಗೆ ಬಂದಿದ್ದೆ. ಇನ್ನು ಪಟ್ಟಿಗೂ ಸುಣ್ಣ ಬಳಿಯಬಹುದಲ್ಲ ಎಂದು ನನ್ನ ತಮ್ಮ ಕೇಳಿದ್ದಕ್ಕೆ ಅವ್ವ, ಇರಲಿ ಬಿಡು ಎಂದಳಂತೆ. ಕೆಲವು ವರ್ಷಕ್ಕೆ ಅಪ್ಪನಿಗೆ ಲಕ್ವಾ ಹೊಡೆಯಿತು. ಎಡಗಾಲು ಎಳೆಯುತ್ತಿತ್ತು. ನಾನು ನೋಡಲು ಹೋದ ಬೆಳಿಗ್ಗೆ ಆತ ಬಚ್ಚಲಿಗೆ ಹೊರಟಿದ್ದ. ತಮ್ಮ ಕೈ ಕೊಡಲು ಹೋದರೆ ಬೇಡವೆಂದು ತಲೆ ಆಡಿಸಿದ. ಬಲಗೈಯನ್ನು ಆ ಕಂದು ಪಟ್ಟಿಯ ಮೇಲಿಟ್ಟು, ಗೋಡೆಗೆ ಒರಗಿಕೊಂಡು, ಒಬ್ಬನೇ ಹೋದ. ಮೂಲೆ ಬಂದಾಗ ನಿಂತು, ದುಂಡನೆಯ ಕಲ್ಲನ್ನು ಅಂಗೈಯಿಂದ ಸವರಿದ. ಬಾಯಿ ಸೊಟ್ಟಗಾಗಿದ್ದರಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ನನ್ನ ಕಡೆ ನೋಡಿ ನಕ್ಕ, ಆಮೇಲೆ ತಿರುಗಿ ನಡೆದ. ಅವ್ವ ಪಡಸಾಲೆಯ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ.

ಮೊನ್ನೆ ಅಮಾವಾಸ್ಯೆಗೆ ಈ ಮನೆಯ ಪಕ್ಕದ ಜಾಗದಲ್ಲಿ ನಾನು ಗೆರೆ ಎಳೆದೆ. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು, ರಂಗೋಲಿ ಪುಡಿಯೇ ಆಯಿತು. ಸೊಸೆ ಒಂದು ತುದಿ ಹಗ್ಗ ಹಿಡಿದಳು. ಕಾರು ಒಳಗೆ ನಿಂತ ಮೇಲೆ ಮಗ ಬಾಗಿಲು ತೆರೆದು ಇಳಿಯಲಾರದೆ ಒದ್ದಾಡಿದಾಗ ಅವಳು ನಕ್ಕದ್ದು ರಸ್ತೆಗೆ ಕೇಳಿಸಿತು. ಕರಿಬೇವಿನ ಗಿಡ ಹೋಗುತ್ತದೆ, ಹೋಗಲಿ, ಕುಂಡದಲ್ಲಿ ಇನ್ನೊಂದು ಎಬ್ಬಿಸಿದ್ದೇನೆ. ಕುರ್ಚಿಗೆ ಬೇರೆ ಬಿಸಿಲು ಹುಡುಕಿಕೊಂಡೆ. ಎಂಜಿನಿಯರ್ ಹುಡುಗ ಮತ್ತೆ ಬಂದಾಗ ನೆಲದ ಮೇಲಿನ ರಂಗೋಲಿಯನ್ನು ತುಳಿಯದೆ ಸುತ್ತು ಹಾಕಿ ಬಂದ, ಅದಕ್ಕೆ ಅವನು ನನಗೆ ಹಿಡಿಸಿದ. ಮನೆಯ ಬಾಗಿಲಿನಿಂದ ಗೇಟಿಗೆ ಹೋಗುವ ಕಡೆ ಗೋಡೆಯ ಮೂಲೆ ಬರುತ್ತದೆ. ಅದನ್ನು ದುಂಡಗೆ ಮಾಡಪ್ಪ, ಕೈ ಎತ್ತರಕ್ಕೆ ಒಂದು ಪಟ್ಟಿ ನುಣ್ಣಗೆ ಇರಲಿ ಎಂದೆ. ಅಂದಾಜು ಏರುತ್ತದೆ ಎಂದ. ಏರಲಿ ಎಂದೆ. ಅವನು ಮಗನ ಕಡೆ, ಸೊಸೆಯ ಕಡೆ, ನನ್ನ ಕಡೆ ನೋಡಿದ. ಮೂವರೂ ಗಟ್ಟಿಯಾಗಿ ಕಾಲ ಮೇಲೆ ನಿಂತಿದ್ದೆವು.

“ಯಾರಿಗ್ರಿ ಅಮ್ಮ?”

“ಇನ್ನೂ ಗೊತ್ತಿಲ್ಲಪ.”